ಸಾಂಬ್ರಾದಿಂದ ಕಲಬುರಗಿಗೆ ನೇರ ದೂರ ಎಷ್ಟು, ಹಾರಾಟದ ಅವಧಿ ಎಷ್ಟು?

ಪ್ರಶ್ನೆ (ಶಿಕ್ಷಕಿ, ಬಾಗಲಕೋಟೆ)

ಮಾನ್ಯರೇ, ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಕಾಶೆಯ ಪಾಠದಲ್ಲಿ ಬೆಳಗಾವಿಯ ಸಾಂಬ್ರಾ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳ ನಡುವೆ ಗೆರೆ ಎಳೆಸಿದೆ. ನೇರ ದೂರ ಸುಮಾರು 297 ಕಿ.ಮೀ. ಬಂತು; ವಿಜಯಪುರದ ಮೇಲೆ ಹಾಯುವ ರಸ್ತೆಯಲ್ಲಾದರೆ 350 ಕಿ.ಮೀ. ಮೀರುತ್ತದೆ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ ಈ ದೂರ ಭಾಗಾಕಾರದ ಪ್ರಕಾರ 22 ನಿಮಿಷದ್ದು. ಆದರೆ ಇಷ್ಟು ದೂರದ ಹಾರಾಟಗಳಿಗೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಆಸುಪಾಸು ಇರುತ್ತದೆ. ಈ ಅಂತರವನ್ನು ಮಕ್ಕಳಿಗೆ ಹೇಗೆ ವಿವರಿಸಲಿ?

ಉತ್ತರ 1 (ಬೆಳಗಾವಿ)

ಮೇಡಂ, ನಿಮ್ಮ ಮಕ್ಕಳು ಅಳೆದ ದೂರ ಸರಿಯಾಗಿದೆ. ವೈಮಾನಿಕರ ಲೆಕ್ಕದಲ್ಲಿ ಅದು 160 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.). ಭಾಗಾಕಾರ ಹೊಂದದಿರುವುದಕ್ಕೆ ಕಾರಣವೆಂದರೆ, 800 ಕಿ.ಮೀ. ಎಂಬುದು ವಿಮಾನವು ಎತ್ತರಕ್ಕೇರಿ ಸಮತಟ್ಟಾಗಿ ಸಾಗುವಾಗಿನ ವೇಗ. ಸಾವಿರ ಅಡಿ ಇಳಿಯಲು ಸುಮಾರು ಮೂರು ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳು ಬಳಸುವ ಸ್ಥೂಲ ಸೂತ್ರ. ಅದರಂತೆ 24,000 ಅಡಿಯಿಂದ ಇಳಿಯುವುದಕ್ಕೇ 120 ಕಿ.ಮೀ.ಗಿಂತ ಹೆಚ್ಚು ಬೇಕು, ಏರುವುದಕ್ಕೂ ಬಹಳಷ್ಟು ದೂರ ಹಿಡಿಯುತ್ತದೆ. ಹೀಗಾಗಿ ಪೂರ್ಣ ವೇಗದ ಹಾರಾಟಕ್ಕೆ ಉಳಿಯುವುದು ಬಸವನ ಬಾಗೇವಾಡಿಯ ಆಸುಪಾಸಿನ ಒಂದು ತುಂಡು ಆಕಾಶ ಮಾತ್ರ.

ಇದರ ಮೇಲೆ, ವೇಳಾಪಟ್ಟಿ ತೋರಿಸುವುದು ಗಾಳಿಯಲ್ಲಿರುವ ಸಮಯವನ್ನಲ್ಲ. ವಿಮಾನ ನಿಂತ ಜಾಗ ಬಿಟ್ಟ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಮತ್ತೆ ನಿಲ್ಲುವವರೆಗಿನ ಅವಧಿ ಅದು. ಅದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ನನ್ನ ಅಂದಾಜಿನಲ್ಲಿ 50 ಆಸನದ ಎಂಬ್ರೇಯರ್ 145 ಜೆಟ್ ಗಾಳಿಯಲ್ಲಿ 35ರಿಂದ 40 ನಿಮಿಷ ಇದ್ದು, ಒಟ್ಟು 50–55 ನಿಮಿಷ ತೆಗೆದುಕೊಳ್ಳಬಹುದು. ಗಂಟೆಗೆ ಸುಮಾರು 500 ಕಿ.ಮೀ. ಸಾಗುವ ಎಟಿಆರ್ 72 ಎಂಬ ಪಂಖದ (ಪ್ರೊಪೆಲರ್) ವಿಮಾನ ಇದಕ್ಕಿಂತ ಹತ್ತೇ ನಿಮಿಷ ಹಿಂದೆ ಬೀಳುತ್ತದೆ. ಪಂಖದ ವಿಮಾನಗಳು ಸಣ್ಣ ಮಾರ್ಗಗಳಿಗೆ ಒಗ್ಗುವುದು ಇದರಿಂದಲೇ. ಈ ಒಂದು ಹೋಲಿಕೆಯನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ಉತ್ತರ 2 (ವಿಜಯಪುರ)

ಮೇಲಿನ ವಿವರಣೆಗೆ ರನ್‌ವೇಯ ದಿಕ್ಕನ್ನೂ ಸೇರಿಸಬೇಕು. ಸಾಂಬ್ರಾದ 2,300 ಮೀಟರ್ ಉದ್ದದ ರನ್‌ವೇ ಹೆಚ್ಚು ಕಡಿಮೆ ಪೂರ್ವ-ಪಶ್ಚಿಮವಾಗಿದೆ, ಕಲಬುರಗಿ ಇರುವುದು ಈಶಾನ್ಯಕ್ಕೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುವುದರಿಂದ, ಮಳೆಗಾಲದ ಪಡುವಣ ಗಾಳಿಯಲ್ಲಿ ಅದು ಮೊದಲು ಬೆಳಗಾವಿ ಊರಿನ ಕಡೆಗೇ ಹಾರಿ, ಆಮೇಲೆ ಸುತ್ತಿ ಹಿಂದಿರುಗಬೇಕಾಗುತ್ತದೆ. ಇಳಿಯುವಾಗಲೂ ಪಡುವಣ ಗಾಳಿ ಬಲವಾಗಿದ್ದರೆ ಕಲಬುರಗಿ ನಿಲ್ದಾಣವನ್ನು ದಾಟಿ ಪೂರ್ವದಿಂದ ತಿರುಗಿ ಬರಬೇಕು. ನಕಾಶೆಯ ಗೆರೆಯಲ್ಲಿ ಈ ಸುತ್ತುಗಳು ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಇದೇ ಲೆಕ್ಕವನ್ನು ಸಾಂಬ್ರಾ-ಹುಬ್ಬಳ್ಳಿಗೆ ಅನ್ವಯಿಸಬಹುದೇ?

ಉತ್ತರ 3 (ಬೆಳಗಾವಿ)

ಅನ್ವಯಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಆ ಎರಡು ನಿಲ್ದಾಣಗಳ ನೇರ ದೂರ ಸುಮಾರು 75 ಕಿ.ಮೀ. ಅಷ್ಟರೊಳಗೆ ಜೆಟ್ ತನ್ನ ಎತ್ತರವನ್ನೂ ವೇಗವನ್ನೂ ಮುಟ್ಟುವುದೇ ಇಲ್ಲ. ಏರಿಕೆ ಮುಗಿಯುವ ಮೊದಲೇ ಇಳಿಕೆ ಶುರುವಾಗಬೇಕು. ನಿಲ್ದಾಣಕ್ಕೆ ಮುಂಚಿತವಾಗಿ ತಲುಪಿ ಕಾಯುವ ಹೊತ್ತನ್ನೂ ಕೂಡಿಸಿದರೆ, ಹೆದ್ದಾರಿಯಲ್ಲಿ ಬಸ್ಸು ಹತ್ತಿದವರೇ ಮೊದಲು ಹುಬ್ಬಳ್ಳಿ ಸೇರುತ್ತಾರೆ.