ಅಪ್ಪ ಅಮ್ಮನನ್ನೂ ಕರೆದುಕೊಂಡು ಕ್ಯಾಲವೆರಾಸ್ ಬಿಗ್ ಟ್ರೀಸ್‌ನಲ್ಲಿ ಟೆಂಟ್ ಹಾಕಬಹುದಾ?

ಫ್ರೀಮಾಂಟ್_ತಿಪಟೂರು

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ತಿಪಟೂರಿನಿಂದ ಬಂದು ಒಂದು ತಿಂಗಳಾಯಿತು. ನಾವಿಬ್ಬರೂ ಆಫೀಸು, ಮಕ್ಕಳು ಸ್ಕೂಲು, ಅವರು ದಿನವೆಲ್ಲ ಕಿಟಕಿ ಹತ್ತಿರ ಕೂತು ರಸ್ತೆ ನೋಡುತ್ತಿರುತ್ತಾರೆ. ನೋಡಿದರೆ ಸಂಕಟ ಆಗುತ್ತದೆ. ಅದಕ್ಕೇ ಜೂನ್‌ನಲ್ಲಿ ಎರಡು ರಾತ್ರಿಗೆ ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ, ಸೆಕ್ವಾಯಾ ಎಂಬ ದೈತ್ಯ ಮರಗಳಿರುವ ಕ್ಯಾಲವೆರಾಸ್ ಬಿಗ್ ಟ್ರೀಸ್ ಸ್ಟೇಟ್ ಪಾರ್ಕಿನ ನಾರ್ತ್ ಗ್ರೋವ್ ಕ್ಯಾಂಪ್‌ಗ್ರೌಂಡಿನಲ್ಲಿ ಅಕ್ಕಪಕ್ಕದ ಎರಡು ಸೈಟ್ (ಟೆಂಟ್ ಹಾಕುವ ಜಾಗ) ಬುಕ್ ಮಾಡಿದ್ದೇನೆ. ನಾವು ಆರು ಜನ, ಗೆಳೆಯನ ಮನೆಯವರು ಐದು. ಒಂದು ಸೈಟಿಗೆ 8 ಜನ ಅಷ್ಟೇ ಅಂತ ನಿಯಮ, ಹಾಗಾಗಿ ಎರಡು ಬೇಕಾಯಿತು. ಆರು ತಿಂಗಳು ಮುಂಚೆ ಬೆಳಿಗ್ಗೆ 8 ಗಂಟೆಗೆ ಸರಿಯಾಗಿ ಲ್ಯಾಪ್‌ಟಾಪ್ ಮುಂದೆ ಕೂತು ಹಿಡಿದದ್ದು.

ಈಗ ಯಾರಿಗೆ ಹೇಳಿದರೂ ಬೇಡ ಅನ್ನುತ್ತಾರೆ. ಅಪ್ಪನಿಗೆ 71, ಗಟ್ಟಿಯಾಗಿದ್ದಾರೆ. ಅಮ್ಮನಿಗೆ ಮಂಡಿ ನೋವು, ನೆಲದ ಮೇಲೆ ಕೂತರೆ ಏಳೋಕೆ ಕಷ್ಟ. ಚಿಕ್ಕ ಮಗಳಿಗೆ ನಾಲ್ಕು ವರ್ಷ. ರಾತ್ರಿ ಚಳಿ ಎಷ್ಟಿರುತ್ತದೆ? ಅಮ್ಮ ನಡೆಯಬಹುದಾದ ದಾರಿ ಇದೆಯಾ? ಕರಡಿ ಬರುತ್ತದಂತೆ, ನಿಜವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಮಲ್ನಾಡ್_ಮಳೆ

ಖಂಡಿತ ಕರೆದುಕೊಂಡು ಹೋಗಿ. ನಾನು ನನ್ನ ಅತ್ತೆ ಮಾವನನ್ನು ಇದೇ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದೆ, ಅತ್ತೆಗೆ ಆಗ 68.

ಚಳಿ ವಿಷಯ ಮೊದಲು ಹೇಳುತ್ತೇನೆ, ಯಾಕಂದರೆ ನಾವು ತಪ್ಪು ಮಾಡಿದ್ದೇ ಅಲ್ಲಿ. ಆ ಜಾಗ 4,700 ಅಡಿ ಎತ್ತರದಲ್ಲಿದೆ. ಹಗಲು ಟೀ ಶರ್ಟ್ ಸಾಕು, ಸೂರ್ಯ ಮುಳುಗಿದ ಮೇಲೆ ಬೇರೆಯದೇ ಊರು. ನಾವು ಹೋದಾಗ ಬೆಳಗಿನ ಜಾವ 45 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅತ್ತೆಗೆ ಮೆತ್ತಗಿರಲಿ ಅಂತ ಗಾಳಿ ಹಾಸಿಗೆ ಹಾಕಿಕೊಟ್ಟಿದ್ದೆವು. ಮೇಲೆ ಎರಡು ರಗ್ಗು ಹೊದಿಸಿದರೂ ರಾತ್ರಿಯೆಲ್ಲ ನಡುಗಿದರು, ನಮ್ಮನ್ನು ಎಬ್ಬಿಸಬಾರದು ಅಂತ ಸುಮ್ನೆ ಮಲಗಿದ್ದರು. ಬೆಳಿಗ್ಗೆ ಗೊತ್ತಾದಾಗ ನನಗೆ ಅಳುವೇ ಬಂತು. ಗಾಳಿ ಹಾಸಿಗೆಯ ಒಳಗಿನ ಗಾಳಿ ತಣ್ಣಗಾದರೆ ಚಳಿ ಕೆಳಗಿನಿಂದ ಏರುತ್ತದೆ, ಮೇಲೆ ಎಷ್ಟು ಹೊದ್ದರೂ ಪ್ರಯೋಜನ ಇಲ್ಲ. ಅಮ್ಮನಿಗೆ ಮಡಚುವ ಕ್ಯಾಂಪ್ ಮಂಚ ತನ್ನಿ, ಅದರ ಮೇಲೆ ಫೋಮ್ ಮ್ಯಾಟು, ಮೇಲೊಂದು ದಪ್ಪ ಕಂಬಳಿ ಹಾಸಿ, ಆಮೇಲೆ ಸ್ಲೀಪಿಂಗ್ ಬ್ಯಾಗ್. ಮಂಚ ಇದ್ದರೆ ಏಳೋಕೂ ಸುಲಭ, ಕಾಲು ಇಳಿಬಿಟ್ಟು ಎದ್ದರಾಯಿತು. ಟೆಂಟು ನಿಂತುಕೊಳ್ಳುವಷ್ಟು ಎತ್ತರ ಇರಲಿ. ಎರಡು ಸೈಟಿನಲ್ಲಿ ಟಾಯ್ಲೆಟ್‌ಗೆ ಹತ್ತಿರ ಇರುವುದನ್ನು ಅವರಿಗೆ ಕೊಡಿ, ತಲೆಗೆ ಕಟ್ಟುವ ಟಾರ್ಚ್ ಒಂದೊಂದು ಕೊಡಿ. ಉಲ್ಲನ್ ಟೋಪಿ ಮರೆಯಬೇಡಿ.

ನಡೆಯೋದಕ್ಕೆ ನಾರ್ತ್ ಗ್ರೋವ್ ಸುತ್ತು ಸಾಕು. ಒಂದೂವರೆ ಮೈಲಿಗಿಂತ ಸ್ವಲ್ಪ ಜಾಸ್ತಿ, ಬಹುಪಾಲು ಸಮತಟ್ಟು, ಅಲ್ಲಲ್ಲಿ ಬೆಂಚು. ಕೆಲವರು ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡೇ ಬರುತ್ತಾರೆ. ನಾವು ಮೂರು ಗಂಟೆ ತೆಗೆದುಕೊಂಡೆವು.

ಹಾಸನದ_ಹುಡುಗ

ಕರಡಿ ಇರುವುದು ನಿಜ, ಕಪ್ಪು ಕರಡಿ. ಹೆದರಬೇಕಾದ್ದಿಲ್ಲ, ಆದರೆ ಊಟದ ವಿಷಯದಲ್ಲಿ ಬಿಗಿಯಾಗಿರಬೇಕು. ಪ್ರತಿ ಸೈಟಿನಲ್ಲೂ ಕಬ್ಬಿಣದ ಪೆಟ್ಟಿಗೆ ಇರುತ್ತದೆ, ವಾಸನೆ ಬರುವ ಎಲ್ಲವೂ ಅದರೊಳಗೆ. ಊಟ ಒಂದೇ ಅಲ್ಲ, ಟೂತ್‌ಪೇಸ್ಟ್, ಸೋಪು, ಮಗುವಿನ ಒದ್ದೆ ಟಿಶ್ಯೂ, ಕಸದ ಚೀಲ, ಮಗುವಿನ ಕಾರ್ ಸೀಟಿನಲ್ಲಿ ಉದುರಿದ ಬಿಸ್ಕತ್ತು ಪುಡಿ ಕೂಡ ಗುಡಿಸಬೇಕು. ನಮ್ಮ ಮನೆಗಳಲ್ಲಿ ಎಲ್ಲರೂ ಮರೆಯುವುದು ಏನು ಗೊತ್ತಾ? ಅಮ್ಮಂದಿರ ಬ್ಯಾಗಿನ ಕೊಬ್ಬರಿ ಎಣ್ಣೆ ಬಾಟಲಿ, ಮತ್ತೆ ಅಪ್ಪಂದಿರ ಜೇಬಿನಲ್ಲಿರುವ ಕಡ್ಲೆ, ಬೆಲ್ಲ. ಮಲಗುವ ಮುಂಚೆ ನೀವೇ ಪ್ರೀತಿಯಿಂದ ಕೇಳಿ ತೆಗೆದುಕೊಳ್ಳಿ. ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನೇ ಕೊಲ್ಲಬೇಕಾಗಿ ಬರಬಹುದು. ನಮ್ಮ ಒಂದು ರವೆ ಉಂಡೆ ಡಬ್ಬಿಗೆ ಆ ಪ್ರಾಣಿ ಬಲಿಯಾಗಬಾರದು ಅಲ್ವಾ?

ಹನ್ನೊಂದು ಜನಕ್ಕೆ ಅಲ್ಲಿ ಅಡುಗೆ ಮಾಡುತ್ತಾ ಕೂರಬೇಡಿ. ಮೊದಲ ರಾತ್ರಿಗೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಮನೆಯಿಂದಲೇ. ಎರಡನೇ ದಿನಕ್ಕೆ ಬಿಸಿಬೇಳೆಬಾತ್ ಫ್ರೀಜ್ ಮಾಡಿ ಕೂಲರಿನಲ್ಲಿ ಇಟ್ಟರೆ ಐಸ್‌ನ ಕೆಲಸವನ್ನೂ ಮಾಡುತ್ತದೆ. ಸೌದೆ ಮಾತ್ರ ಮನೆಯಿಂದ ತರಬೇಡಿ, ಅಲ್ಲೇ ಕೊಳ್ಳಿ. ಸೌದೆ ಜೊತೆ ಹುಳುಗಳು ಹೋಗಿ ಬೇರೆ ಕಾಡಿನ ಮರ ಸಾಯುತ್ತವೆ. ರಾತ್ರಿ 10ರ ಮೇಲೆ ಗದ್ದಲ ಇಲ್ಲ, ಹಾಡಿನ ಸ್ಪೀಕರ್ ಮನೆಯಲ್ಲೇ ಬಿಡಿ.

ಸ್ಯಾನ್‌ಹೋಸೆ_ಗೌಡ್ರು

ನನ್ನ ಅಭಿಪ್ರಾಯ ಬೇರೆ. ಮಂಡಿ ನೋವಿರುವವರಿಗೆ ರಾತ್ರಿ ಎದ್ದು ಟಾಯ್ಲೆಟ್‌ಗೆ ನಡೆಯೋದೇ ದೊಡ್ಡ ಕಷ್ಟ. ಅರ್ಧ ಗಂಟೆ ದೂರದಲ್ಲಿ ಮರ್ಫಿಸ್ ಊರಿದೆ, ಅಲ್ಲಿ ಅಪ್ಪ ಅಮ್ಮನಿಗೆ ರೂಮು ಮಾಡಿ. ಹಗಲೆಲ್ಲ ನಿಮ್ಮ ಜೊತೆ ಇರಲಿ, ರಾತ್ರಿ ಬೆಚ್ಚಗೆ ಮಲಗಲಿ. ನಮ್ಮ ಆಸೆಗೆ ಅವರು ಒದ್ದಾಡುವುದು ಬೇಡ.

ಕಾಡು_ದಾರಿ

ಗೌಡ್ರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ, ಆದರೆ ಅವರನ್ನೇ ಒಂದು ಸಲ ಕೇಳಲಿ. ನಮ್ಮಪ್ಪನನ್ನು ನಾನು ಕೇಳಿರಲಿಲ್ಲ, ಅವರ ಪರವಾಗಿ ನಾನೇ ಬೇಡ ಅಂದುಕೊಂಡಿದ್ದೆ. ಮುಂದಿನ ವರ್ಷ ಅವರೇ ಹಠ ಮಾಡಿ ಬಂದರು. ಬೆಳಿಗ್ಗೆ ಆರು ಗಂಟೆಗೆ, ಬೇರೆ ಯಾರೂ ಬರುವ ಮುಂಚೆ, ಕ್ಯಾಂಪಿನಿಂದ ನಡೆದೇ ಆ ಮರಗಳ ಬುಡಕ್ಕೆ ಹೋದೆವು. ರೂಮಿನಲ್ಲಿದ್ದಿದ್ದರೆ ಆ ಹೊತ್ತು ಸಿಗುತ್ತಿರಲಿಲ್ಲ.

ಫ್ರೀಮಾಂಟ್ ಅವರೇ, ನಿಮ್ಮ ತಂದೆ ತೆಂಗಿನ ಊರಿನವರು, ಒಂದು ಕೆಲಸ ಮಾಡಿ. ದಾರಿ ಪಕ್ಕದಲ್ಲೇ ಸಿಗುವ ಒಂದು ಸೆಕ್ವಾಯಾ ತೊಗಟೆ ಮೇಲೆ ಅವರ ಅಂಗೈ ಇಡಿಸಿ. ತೆಂಗಿನ ಮಟ್ಟೆಯ ನಾರಿನಂತೆಯೇ ಇರುತ್ತದೆ, ಅದೇ ಕೆಂಪು ಕಂದು, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಈ ತೊಗಟೆ ಎರಡು ಅಡಿ ದಪ್ಪದವರೆಗೂ ಬೆಳೆಯುತ್ತದೆ, ಸಣ್ಣ ಬೆಂಕಿ ಒಳಗೆ ಹೋಗುವುದಿಲ್ಲ. ಬೆಂಕಿಯ ಬಿಸಿಗೆ ಮೇಲಿನ ಕಾಯಿಗಳು ಬಿರಿದು ಬೀಜ ಉದುರುತ್ತವೆ. ಕಾಯಿ ಕೋಳಿಮೊಟ್ಟೆ ಗಾತ್ರ, ಬೀಜ ಒಂದು ಅವಲಕ್ಕಿ ಚೂರಿನಷ್ಟು.

ಸುತ್ತಿನ ಶುರುವಿನಲ್ಲೇ ಒಂದು ದೊಡ್ಡ ಬುಡ ಇದೆ, ಡಿಸ್ಕವರಿ ಟ್ರೀ. 1853ರಲ್ಲಿ ಕಡಿದದ್ದು. ಅಷ್ಟು ದಪ್ಪಕ್ಕೆ ಗರಗಸವೇ ಇರಲಿಲ್ಲ, ಉದ್ದದ ಬೈರಿಗೆಯಿಂದ ತೂತು ಕೊರೆದು ಕೊರೆದು 22 ದಿನದಲ್ಲಿ ಬೀಳಿಸಿದರು. ಆಮೇಲೆ ಆ ಬುಡದ ಮೇಲೆ ಜನ ಡ್ಯಾನ್ಸ್ ಮಾಡಿದರು. ಇನ್ನೊಂದು ಮರದ ತೊಗಟೆಯನ್ನು ಮರುವರ್ಷ 116 ಅಡಿ ಎತ್ತರದವರೆಗೆ ಸುಲಿದು ಪ್ರದರ್ಶನಕ್ಕೆ ಒಯ್ದರು, ಆ ಸತ್ತ ಮರ ಕಪ್ಪಾಗಿ ಇನ್ನೂ ನಿಂತಿದೆ. ನಮ್ಮಪ್ಪ ಅದರ ಮುಂದೆ ನಿಂತು "ಯಾಕಪ್ಪಾ ಹೀಗೆ ಮಾಡಿದರು" ಅಂದರು, ಎಷ್ಟೋ ಹೊತ್ತು ಮಾತಾಡಲಿಲ್ಲ.

ಜೂನ್‌ನಲ್ಲಿ ನೆಲದಿಂದ ಕಡು ಕೆಂಪು ಗಿಡವೊಂದು ಎದ್ದು ನಿಂತಿರಬಹುದು, ಹಸಿರೇ ಇರುವುದಿಲ್ಲ, ಸ್ನೋ ಪ್ಲಾಂಟ್ ಅಂತಾರೆ. ಮಕ್ಕಳಿಗೆ ತೋರಿಸಿ, ಕೀಳೋಕೆ ಬಿಡಬೇಡಿ. ನಿಮಗೂ ನಿಮ್ಮ ಗೆಳೆಯರಿಗೂ ಜಾಸ್ತಿ ನಡೆಯುವ ಆಸೆ ಇದ್ದರೆ ಸೌತ್ ಗ್ರೋವ್‌ಗೆ ಹೋಗಿ, 5 ಮೈಲಿ, ಕೊನೆಗೆ ಅಗಾಸಿಜ್ ಎಂಬ ಮರ, ಪಾರ್ಕಿನಲ್ಲೇ ದೊಡ್ಡದು. ಅಲ್ಲಿಗೆ ಹೋಗುವ ದಾರಿಯಲ್ಲಿ ಸ್ಟ್ಯಾನಿಸ್ಲಾಸ್ ನದಿ ಸಿಗುತ್ತದೆ. ಜೂನ್‌ನಲ್ಲಿ ಹಿಮ ಕರಗಿದ ನೀರು ಜೋರಾಗಿ ಹರಿಯುತ್ತಿರುತ್ತದೆ, ನಾಲ್ಕು ವರ್ಷದ ಮಗುವಿನ ಕೈ ಬಿಡಲೇಬೇಡಿ.

ಫ್ರೀಮಾಂಟ್_ತಿಪಟೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಇಬ್ಬರನ್ನೂ ಕೇಳಿದೆ. ಅಪ್ಪ ತಕ್ಷಣ ಹೂಂ ಅಂದರು. ಅಮ್ಮ ಸ್ವಲ್ಪ ಯೋಚಿಸಿ "ಮಂಚ ತರ್ತೀಯ ಅಂದ್ರೆ ಬರ್ತೀನಿ" ಅಂದರು. ಮಂಚ ಆರ್ಡರ್ ಮಾಡಿದ್ದೇನೆ. ಗೌಡ್ರು ಹೇಳಿದ್ದನ್ನೂ ಬಿಟ್ಟಿಲ್ಲ, ಮೊದಲ ರಾತ್ರಿ ಕಷ್ಟ ಆದರೆ ಎರಡನೇ ರಾತ್ರಿಗೆ ರೂಮು. ಒಂದೇ ಪ್ರಶ್ನೆ ಉಳಿದಿದೆ: ಅಮ್ಮನಿಗೆ ಐದೂವರೆಗೇ ಕಾಫಿ ಬೇಕು. ಗ್ಯಾಸ್ ಒಲೆ ಹಚ್ಚಬಹುದಾ?

ಹಾಸನದ_ಹುಡುಗ

ಹಚ್ಚಬಹುದು, ಸೈಟಿನ ಮೇಜಿನ ಮೇಲೆ ಇಟ್ಟುಕೊಳ್ಳಿ, ಟೆಂಟಿನ ಒಳಗೆ ಬೇಡವೇ ಬೇಡ. ಬೇಸಿಗೆಯಲ್ಲಿ ಬೆಂಕಿಯ ನಿಯಮ ಬದಲಾಗುತ್ತಿರುತ್ತದೆ, ಗೇಟಿನಲ್ಲಿ ಒಂದು ಮಾತು ಕೇಳಿ. ಆರು ಗಂಟೆವರೆಗೆ ಬೇರೆಯವರು ಮಲಗಿರುತ್ತಾರೆ, ಪಾತ್ರೆ ಸದ್ದು ಮಾಡಬೇಡಿ. ಡಿಕಾಕ್ಷನ್ ರಾತ್ರಿಯೇ ಫಿಲ್ಟರಿಗೆ ಹಾಕಿ, ಫಿಲ್ಟರನ್ನೂ ಪೆಟ್ಟಿಗೆಯಲ್ಲೇ ಇಡಿ.