₹2,000ದೊಳಗೆ ಲ್ಯಾಪ್‌ಟಾಪ್‌ಗೆ ಗೇಮ್ ಕಂಟ್ರೋಲರ್: ಇರುವುದು ಆಟದಲ್ಲಿ ನಡೆಯುತ್ತಿಲ್ಲ, ಹೊಸದು ಯಾವುದು ತಗೊಳ್ಳಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ವಿಂಡೋಸ್ 11 ಇರುವ ಸಾಧಾರಣ ಲ್ಯಾಪ್‌ಟಾಪ್. ಅಂಗಡಿಯಲ್ಲಿ ₹400 ಕೊಟ್ಟು ಒಂದು ಯುಎಸ್‌ಬಿ ಕಂಟ್ರೋಲರ್ ತಂದಿದ್ದೆ. ಡಬ್ಬದ ಮೇಲೆ ಕಂಪನಿ ಹೆಸರೇ ಇಲ್ಲ. ಚುಚ್ಚಿದ ತಕ್ಷಣ ಲ್ಯಾಪ್‌ಟಾಪ್ ಸದ್ದು ಮಾಡುತ್ತದೆ, ಲೈಟೂ ಉರಿಯುತ್ತದೆ. ಆದರೆ ಹೊಸ ಆಟಗಳಲ್ಲಿ ಯಾವ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಹಳೇ ಆಟ ಒಂದರಲ್ಲಿ ನಡೆಯುತ್ತದೆ, ಅದರಲ್ಲೂ ಕ್ಯಾಮೆರಾ ತಾನಾಗಿಯೇ ಆಕಾಶ ನೋಡುತ್ತಾ ಹೋಗುತ್ತದೆ.

ಡ್ರೈವರ್ ಏನಾದರೂ ಹಾಕಬೇಕಾ? ಹೊಸದೇ ತಗೊಳ್ಳಬೇಕು ಅಂದರೆ ₹2,000 ದಾಟುವ ಹಾಗಿಲ್ಲ. ಜಾಸ್ತಿ ಆಡುವುದು ಫುಟ್‌ಬಾಲ್, ಕಾರ್ ರೇಸ್, ಆಗಾಗ ವ್ಯಾಲೊರಂಟ್ ಅನ್ನುವ ಶೂಟಿಂಗ್ ಆಟ.

ಉತ್ತರ

ಹೊಸದು ತಗೊಳ್ಳುವ ಮುಂಚೆ ಇರುವುದನ್ನು ಒಮ್ಮೆ ಪರೀಕ್ಷೆ ಮಾಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಡಬ್ಬಿಯಲ್ಲಿ ಜೆ, ಒ, ವೈ, ಚುಕ್ಕಿ, ಸಿ, ಪಿ, ಎಲ್ ಅಂತ ಇಂಗ್ಲಿಷ್ ಅಕ್ಷರಗಳನ್ನು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಕಂಟ್ರೋಲರ್‌ಗಳ ಪಟ್ಟಿ ತೆರೆಯುತ್ತದೆ. ಅಲ್ಲಿ ನಿಮ್ಮದಕ್ಕೆ ಏನು ಹೆಸರು ಬರುತ್ತದೆ ಹೇಳಿ. ಆಮೇಲೆ ಪ್ರಾಪರ್ಟೀಸ್ ಒಳಗೆ ಹೋಗಿ ಸ್ಟಿಕ್ (ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿ) ಮುಟ್ಟದೆ ಸುಮ್ನೆ ನೋಡಿ. ಚೌಕದೊಳಗಿನ ಕೂಡು ಗುರುತು ಸರಿಯಾಗಿ ನಡುವೆ ನಿಂತಿದೆಯಾ?

ಪ್ರಶ್ನೆ ಕೇಳಿದವರು

"ಜೆನೆರಿಕ್ ಯುಎಸ್‌ಬಿ ಜಾಯ್‌ಸ್ಟಿಕ್" ಅಂತ ಇದೆ. ಗುರುತು ನಡುವೆ ಇಲ್ಲ, ಸ್ವಲ್ಪ ಪಕ್ಕಕ್ಕೆ ವಾಲಿದೆ. ಬಟನ್ ಒತ್ತಿದರೆ ಕೆಂಪು ದೀಪಗಳೆಲ್ಲ ಹೊತ್ತುತ್ತವೆ.

ಉತ್ತರ

ಹಾಗಾದರೆ ಡ್ರೈವರ್ ತೊಂದರೆ ಅಲ್ಲ. ವಿಂಡೋಸ್‌ಗೆ ಕಂಟ್ರೋಲರ್ ಕಾಣಿಸುತ್ತಿದೆ, ಆಟಕ್ಕೆ ಕಾಣಿಸುತ್ತಿಲ್ಲ.

ಕಾರಣ ಇಷ್ಟು. ವಿಂಡೋಸ್‌ನಲ್ಲಿ ಕಂಟ್ರೋಲರ್ ಮಾತಾಡುವುದಕ್ಕೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು 1990ರ ದಶಕದಿಂದ ಇರುವ ಡೈರೆಕ್ಟ್‌ಇನ್‌ಪುಟ್. ಇದರಲ್ಲಿ ಕಂಟ್ರೋಲರ್ "ನನ್ನಲ್ಲಿ 12 ಬಟನ್ ಇವೆ" ಅಂತ ಮಾತ್ರ ಹೇಳುತ್ತದೆ. ಯಾವ ಬಟನ್ ಜಿಗಿಯುವುದಕ್ಕೆ, ಯಾವುದು ಬ್ರೇಕ್‌ಗೆ ಅಂತ ಪ್ರತಿ ಆಟದಲ್ಲೂ ನಾವೇ ಕೂತು ಹೊಂದಿಸಬೇಕು. ಇನ್ನೊಂದು ಎಕ್ಸ್‌ಇನ್‌ಪುಟ್. 2005ರಲ್ಲಿ ಎಕ್ಸ್‌ಬಾಕ್ಸ್ 360 ಗೇಮ್ ಕನ್ಸೋಲ್ ಬಂದ ಕಾಲದಲ್ಲಿ ಮೈಕ್ರೋಸಾಫ್ಟ್ ತಂದದ್ದು. ಇದರಲ್ಲಿ ಎ, ಬಿ, ಎಕ್ಸ್, ವೈ, ಎರಡು ಸ್ಟಿಕ್, ಎರಡು ಟ್ರಿಗರ್ (ತೋರುಬೆರಳಿನಿಂದ ಎಳೆಯುವ ಬಟನ್) ಎಲ್ಲದರ ಜಾಗವೂ ಮೊದಲೇ ನಿಗದಿ. ಹಾಗಾಗಿ ಆಟಕ್ಕೆ ಕೇಳುವ ಕೆಲಸವೇ ಇಲ್ಲ. ಈಗಿನ ಆಟಗಳಲ್ಲಿ ತುಂಬಾ ಆಟಗಳು ಇದನ್ನೇ ನೋಡುತ್ತವೆ. ನಿಮ್ಮದು ಮೊದಲನೇ ಜಾತಿ.

ಕೆಲವು ಕಂಟ್ರೋಲರ್‌ಗಳಲ್ಲಿ ಎರಡೂ ಇರುತ್ತವೆ. ನಡುವಿನ ಹೋಮ್ ಅಥವಾ ಮೋಡ್ ಬಟನ್ ಐದಾರು ಸೆಕೆಂಡು ಒತ್ತಿ ಹಿಡಿದರೆ ಬದಲಾಗುತ್ತದೆ. ಒಮ್ಮೆ ಮಾಡಿ ನೋಡಿ. ಪಟ್ಟಿಯಲ್ಲಿ ಹೆಸರು "ಎಕ್ಸ್‌ಬಾಕ್ಸ್ 360" ಅಂತ ಬದಲಾದರೆ ನಿಮ್ಮ ದುಡ್ಡು ಉಳಿಯಿತು.

ಬದಲಾಗದಿದ್ದರೆ ಸ್ಟೀಮ್ ಇದೆ, ಪಿಸಿ ಆಟಗಳನ್ನು ಕೊಂಡು ಆಡುವ ಆ್ಯಪ್. ಸ್ಟೀಮ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಬಟನ್‌ಗಳನ್ನು ಒಂದೊಂದಾಗಿ ಹೊಂದಿಸಿದರೆ, ಆಟದ ಮುಂದೆ ಅದನ್ನು ಎಕ್ಸ್‌ಬಾಕ್ಸ್ ಕಂಟ್ರೋಲರ್ ಥರ ತೋರಿಸುತ್ತದೆ. ಸ್ಟೀಮ್‌ನಲ್ಲಿ ಕೊಳ್ಳದ ಆಟವನ್ನೂ "ಆಡ್ ಎ ನಾನ್-ಸ್ಟೀಮ್ ಗೇಮ್" ಮೂಲಕ ಸೇರಿಸಿಕೊಳ್ಳಬಹುದು.

ವ್ಯಾಲೊರಂಟ್ ವಿಷಯ ಮಾತ್ರ ಮರೆತುಬಿಡಿ. ಪಿಸಿಯಲ್ಲಿ ಅದು ಕಂಟ್ರೋಲರ್ ತಗೊಳ್ಳುವುದೇ ಇಲ್ಲ. ಎಷ್ಟು ಸಾವಿರದ್ದು ತಂದರೂ ಅಷ್ಟೇ.

ಪ್ರಶ್ನೆ ಕೇಳಿದವರು

ಮೋಡ್ ಬಟನ್ ಒತ್ತಿದರೆ ಲೈಟ್ ಬದಲಾಯ್ತು, ಹೆಸರು ಬದಲಾಗಲಿಲ್ಲ. ಸ್ಟೀಮ್‌ನಿಂದ ಫುಟ್‌ಬಾಲ್ ಆಟ ಓಡಿತು, ತುಂಬಾ ಥ್ಯಾಂಕ್ಸ್! ಆದರೆ ಆಟಗಾರ ನಿಂತ ಜಾಗದಲ್ಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಜಾರುತ್ತಾನೆ. ಕಾರ್ ರೇಸ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಪೂರ್ತಿ ಸ್ಪೀಡ್, ಬಿಟ್ಟರೆ ಸೊನ್ನೆ. ತಿರುವಿನಲ್ಲಿ ಪ್ರತಿ ಸಲವೂ ಗೋಡೆಗೆ ಗುದ್ದುತ್ತೇನೆ.

ಉತ್ತರ

ಜಾರುವುದನ್ನು ಡ್ರಿಫ್ಟ್ ಅನ್ನುತ್ತಾರೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಜೋನ್ (ನಡುವಿನಲ್ಲಿ ಸ್ಟಿಕ್ ಅಲ್ಲಾಡಿದರೂ ಲೆಕ್ಕಕ್ಕೆ ಬಾರದ ಜಾಗ) ಜಾಸ್ತಿ ಮಾಡಿದರೆ ಸ್ವಲ್ಪ ಮುಚ್ಚಿಹೋಗುತ್ತದೆ, ಆದರೆ ಸ್ಟಿಕ್ ಸಣ್ಣಗೆ ಅಲ್ಲಾಡಿಸಿದ್ದೂ ಆಟಕ್ಕೆ ತಿಳಿಯುವುದಿಲ್ಲ. ಆಕ್ಸಿಲರೇಟರ್‌ಗೆ ಮದ್ದಿಲ್ಲ. ನಿಮ್ಮ ಕಂಟ್ರೋಲರ್‌ನ ಟ್ರಿಗರ್ ಬರೀ ಸ್ವಿಚ್, ಇದೆ ಅಥವಾ ಇಲ್ಲ ಅಷ್ಟೇ. ಎಕ್ಸ್‌ಇನ್‌ಪುಟ್‌ನಲ್ಲಿ ಟ್ರಿಗರ್‌ಗೆ 0ಯಿಂದ 255ರವರೆಗೆ ಮಟ್ಟಗಳಿವೆ. ಅರ್ಧ ಒತ್ತಿದರೆ ಅರ್ಧ ವೇಗ. ಕಾರ್ ರೇಸ್ ಆಡುವವರಿಗೆ ಇದೇ ಮುಖ್ಯ. ಹೊಸದು ತಗೊಳ್ಳಿ.

₹1,000ದಿಂದ ₹2,000ದೊಳಗೆ ರೆಡ್‌ಗೇರ್, ಕಾಸ್ಮಿಕ್ ಬೈಟ್, ಇವೋಫಾಕ್ಸ್, ಆಂಟ್ ಈಸ್ಪೋರ್ಟ್ಸ್ ಇವರದ್ದೆಲ್ಲ ಸಿಗುತ್ತವೆ. ಸೇಲ್ ಸಮಯದಲ್ಲಿ ಬೆಲೆ ಇನ್ನೂ ಇಳಿಯುತ್ತದೆ. ಬ್ರ್ಯಾಂಡ್ ಹೆಸರಿಗಿಂತ ವಿವರಣೆ ಓದಿ. ಎಕ್ಸ್‌ಇನ್‌ಪುಟ್ ಅಂತ ಬರೆದಿರಲೇಬೇಕು. "ಪಿಸಿ, ಪಿಎಸ್3, ಆಂಡ್ರಾಯ್ಡ್‌ಗೆ ನಡೆಯುತ್ತದೆ" ಅನ್ನುವ ಸಾಲು ಸಾಲದು. ಟ್ರಿಗರ್ ಅನಲಾಗ್ ಇರಬೇಕು, ಅಂದರೆ ಒತ್ತಿದಷ್ಟೇ ಮಟ್ಟ ಏರಬೇಕು.

ಆಮೇಲೆ ಸ್ಟಿಕ್. ಸಾಮಾನ್ಯ ಸ್ಟಿಕ್ ಒಳಗೆ ಒಂದು ಪಟ್ಟಿ ಇರುತ್ತದೆ, ಅದರ ಮೇಲೆ ಲೋಹದ ನಾಲಿಗೆ ಉಜ್ಜುತ್ತಾ ಓಡಾಡುತ್ತದೆ. ಉಜ್ಜಿ ಉಜ್ಜಿ ಸವೆದಾಗ ಡ್ರಿಫ್ಟ್ ಶುರು. ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಆಯಸ್ಕಾಂತ ಮತ್ತು ಸೆನ್ಸರ್ ಇರುತ್ತವೆ, ಒಂದನ್ನೊಂದು ಮುಟ್ಟುವುದಿಲ್ಲ. ಹಾಗಾಗಿ ಆ ಸವೆತ ಇಲ್ಲ. ಈಗ ₹2,000ದ ಆಸುಪಾಸಿನಲ್ಲೂ ಇಂಥವು ಬಂದಿವೆ. ಆದರೆ ಗಮನಿಸಿ, ಕೆಲವದರಲ್ಲಿ ಟ್ರಿಗರ್‌ಗೆ ಮಾತ್ರ ಹಾಲ್ ಎಫೆಕ್ಟ್ ಹಾಕಿ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಸ್ಟಿಕ್‌ಗೂ ಇದೆಯಾ ಅಂತ ನೋಡಿ.

ನನ್ನ ಕೇಳಿದರೆ ವೈರ್ ಇರುವುದೇ ಒಳ್ಳೆಯದು. ಲ್ಯಾಪ್‌ಟಾಪ್ ಹೇಗೂ ಎದುರಿಗೇ ಇರುತ್ತದೆ. ಬ್ಯಾಟರಿ, ರೇಡಿಯೊಗೆ ಹೋಗುವ ದುಡ್ಡು ಸ್ಟಿಕ್‌ಗೆ ಹೋಗಲಿ.

ಮತ್ತೊಬ್ಬ ಸದಸ್ಯರು

ಸೆಕೆಂಡ್ ಹ್ಯಾಂಡ್ ಡ್ಯುಯಲ್‌ಶಾಕ್ 4 (ಪ್ಲೇಸ್ಟೇಷನ್ 4ರ ಕಂಟ್ರೋಲರ್) ಯಾಕೆ ನೋಡಬಾರದು ಗುರು? ಕೈಗೆ ತುಂಬಾ ಚೆನ್ನಾಗಿ ಕೂರುತ್ತದೆ, ಸ್ಟೀಮ್‌ನಲ್ಲಿ ನೇರವಾಗಿ ನಡೆಯುತ್ತದೆ.

ಉತ್ತರ

ಒಳ್ಳೆಯ ಕಂಟ್ರೋಲರ್, ಅದರಲ್ಲಿ ಎರಡು ಮಾತಿಲ್ಲ. ಆದರೆ 2013ರಲ್ಲಿ ಬಂದ ಮಾದರಿ ಅದು. ಈಗ ಕೈಗೆ ಸಿಗುವ ಹಳೆಯದರಲ್ಲಿ ಬ್ಯಾಟರಿ ಸೊರಗಿರಬಹುದು, ಸ್ಟಿಕ್ ಸವೆದಿರಬಹುದು. ಅಸಲಿಯಂತೆಯೇ ಕಾಣುವ ನಕಲಿಗಳೂ ತುಂಬಾ ಇವೆ. ಸ್ಟೀಮ್ ಹೊರಗಿನ ಆಟಗಳಿಗೆ ಡಿಎಸ್4ವಿಂಡೋಸ್ ಥರದ ಸಾಫ್ಟ್‌ವೇರ್ ಬೇಕಾಗಬಹುದು. ಅದೂ ಸ್ಟೀಮೂ ಒಟ್ಟಿಗೆ ಚಾಲೂ ಇದ್ದರೆ ಆಟಕ್ಕೆ ಎರಡು ಕಂಟ್ರೋಲರ್ ಕಂಡು, ಮೆನುವಿನಲ್ಲಿ ಒಮ್ಮೆ ಒತ್ತಿದ್ದು ಎರಡು ಸಲ ಓಡುತ್ತದೆ. ಆಗ ಒಂದನ್ನು ಆಫ್ ಮಾಡಬೇಕು. ಪರಿಚಯದವರ ಹತ್ತಿರ ಇದ್ದು, ಆಡಿ ನೋಡಿ ತಗೊಳ್ಳುವುದಾದರೆ ಸರಿ. ಮೊದಲ ಸಲ ಕೊಳ್ಳುವವರಿಗೆ ವಾರಂಟಿ ಇರುವ ಹೊಸದನ್ನೇ ಹೇಳುತ್ತೇನೆ.

ಪ್ರಶ್ನೆ ಕೇಳಿದವರು

ತಗೊಂಡೆ! ಹಾಲ್ ಎಫೆಕ್ಟ್ ಸ್ಟಿಕ್, ವೈರ್ ಮತ್ತು 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ವೈರ್‌ಲೆಸ್ ರಿಸೀವರ್) ಎರಡೂ ಇರುವ ಮಾಡೆಲ್, ಸೇಲ್‌ನಲ್ಲಿ ₹2,000ದೊಳಗೇ ಬಂತು. ಪಟ್ಟಿಯಲ್ಲಿ ಎಕ್ಸ್‌ಬಾಕ್ಸ್ 360 ಅಂತಲೇ ತೋರಿಸುತ್ತಿದೆ. ಎರಡು ಅನುಮಾನ ಇವೆ. ಪರೀಕ್ಷೆ ಮಾಡುವಾಗ ಎರಡೂ ಟ್ರಿಗರ್ ಒಟ್ಟಿಗೆ ಒತ್ತಿದರೆ ಅಳತೆ ಪಟ್ಟಿ ನಡುವೆಯೇ ನಿಲ್ಲುತ್ತದೆ, ಏನೂ ಒತ್ತದ ಹಾಗೆ. ವಾಪಸ್ ಕಳಿಸಲಾ? ಇನ್ನೊಂದು, ಡಾಂಗಲ್‌ನಲ್ಲಿ ಆಡುವಾಗ ನಡುನಡುವೆ ಬಟನ್ ಒತ್ತಿದ್ದು ತಡವಾಗಿ ಬರುತ್ತದೆ. ವೈರ್ ಹಾಕಿದರೆ ಚಾರ್ಜ್ ಆಗುತ್ತದೆ, ಆಟಕ್ಕೆ ಕಾಣಿಸುವುದಿಲ್ಲ.

ಉತ್ತರ

ವಾಪಸ್ ಕಳಿಸಬೇಡಿ. ಎಕ್ಸ್‌ಬಾಕ್ಸ್ ಮಾದರಿಯದ್ದನ್ನು ಆ ಹಳೇ ಕಿಟಕಿಯಲ್ಲಿ ನೋಡಿದರೆ ಎರಡೂ ಟ್ರಿಗರ್ ಒಂದೇ ಪಟ್ಟಿಯಲ್ಲಿ ಕಾಣುತ್ತವೆ. ಒಂದು ಆ ಕಡೆ ಎಳೆಯುತ್ತದೆ, ಇನ್ನೊಂದು ಈ ಕಡೆ. ಎರಡನ್ನೂ ಒತ್ತಿದಾಗ ನಡುವೆ ನಿಲ್ಲುವುದು ಸರಿಯೇ. ಬ್ರೌಸರ್‌ನಲ್ಲಿ ಕಂಟ್ರೋಲರ್ ಪರೀಕ್ಷೆ ಮಾಡುವ ಪುಟಗಳಿವೆ, ಅಲ್ಲಿ ಎರಡೂ ಬೇರೆ ಬೇರೆ ಕಾಣುತ್ತವೆ. ಒಂದೊಂದನ್ನೂ ನಿಧಾನ ಒತ್ತಿ, ಸಂಖ್ಯೆ ಮೆಲ್ಲಗೆ ಏರಬೇಕು. ಸ್ಟಿಕ್ ಸುತ್ತ ತಿರುಗಿಸಿ ಬಿಡಿ, ಪ್ರತಿ ಸಲವೂ ನಡುವಿಗೆ ಬರಬೇಕು. ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಇದನ್ನು ಮುಗಿಸಿಕೊಳ್ಳಿ.

ವೈರ್ ಎಲ್ಲಿಂದ ತಂದಿರಿ? ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಆಗುವ ತಂತಿ ಮಾತ್ರ ಇರುತ್ತದೆ, ಡೇಟಾ ಹೋಗುವುದಿಲ್ಲ. ಡಬ್ಬದಲ್ಲಿ ಬಂದ ಕೇಬಲ್ಲನ್ನೇ ಹಾಕಿ ನೋಡಿ. ಡಾಂಗಲ್ ಪಕ್ಕದ ಪೋರ್ಟ್‌ನಲ್ಲಿ ಏನಾದರೂ ಚುಚ್ಚಿದ್ದೀರಾ?

ಪ್ರಶ್ನೆ ಕೇಳಿದವರು

ಕೇಬಲ್ ಹಳೇ ಪವರ್ ಬ್ಯಾಂಕಿನದ್ದು. ಡಾಂಗಲ್ ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಇದೆ, ಆಟಗಳೆಲ್ಲ ಅದರಲ್ಲೇ ಇರುವುದು.

ಉತ್ತರ

ಎರಡಕ್ಕೂ ಕಾರಣ ಸಿಕ್ಕಿತು. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಓಡುವಾಗ ಅದರಿಂದ, ಅದರ ಕೇಬಲ್‌ನಿಂದ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಬರುತ್ತದೆ. ನಿಮ್ಮ ಡಾಂಗಲ್ ಕೇಳಿಸಿಕೊಳ್ಳುವುದೂ ಅದೇ ಜಾಗದಲ್ಲಿ. ಇಂಟೆಲ್ 2012ರಲ್ಲೇ ಇದರ ಬಗ್ಗೆ ವರದಿ ಹೊರತಂದಿತ್ತು. ಡಾಂಗಲ್ಲನ್ನು ಲ್ಯಾಪ್‌ಟಾಪ್‌ನ ಇನ್ನೊಂದು ಬದಿಗೆ ಹಾಕಿ. ಪೋರ್ಟ್ ಇಲ್ಲದಿದ್ದರೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನು ದೂರ ಎಳೆದಿಡಿ.

ಪ್ರಶ್ನೆ ಕೇಳಿದವರು

ಬದಿ ಬದಲಿಸಿದೆ, ತಡ ಆಗುವುದು ನಿಂತಿತು. ಡಬ್ಬದ ಕೇಬಲ್‌ನಲ್ಲೂ ಕೆಲಸ ಮಾಡುತ್ತಿದೆ. ಈಗ ರೂಮ್‌ಮೇಟ್‌ಗೂ ಆಡುವ ಆಸೆ ಬಂದಿದೆ. ಇಂಥದ್ದೇ ಇನ್ನೊಂದು ತಗೊಂಡರೆ ಒಟ್ಟಿಗೆ ನಡೆಯುತ್ತದಾ?

ಉತ್ತರ

ನಡೆಯುತ್ತದೆ. ಎಕ್ಸ್‌ಇನ್‌ಪುಟ್‌ನಲ್ಲಿ ಒಟ್ಟಿಗೆ ನಾಲ್ಕು ಕಂಟ್ರೋಲರ್‌ಗೆ ಜಾಗ ಇದೆ. ಎರಡನೆಯದು ಬರೀ ವೈರ್‌ನದ್ದೇ ಆದರೂ ಸಾಕು, ಇನ್ನೂ ಕಡಿಮೆಗೆ ಬರುತ್ತದೆ. ಎರಡನ್ನೂ ಜೋಡಿಸಿದ ಮೇಲೆ ಆಟ ತೆರೆಯಿರಿ. ಕೆಲವು ಆಟಗಳು ಆಮೇಲೆ ಚುಚ್ಚಿದ್ದನ್ನು ಗಮನಿಸುವುದಿಲ್ಲ.