ಸಹಾಯ ಬೇಕು: ಹಿಂದಿನ ಸ್ಪ್ರಿಂಗ್ ಬದಲಿಸಿದ ಮೇಲೆ ಎಡಗಡೆ ಎತ್ತರ

ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನ ಜೋಡಿಸೋ ಅಡ್ಡ ತೊಲೆ) ಇರೋ ಹಳೇ ಕಾರು. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಬಾಡಿಯನ್ನ ಸ್ಟ್ಯಾಂಡ್ ಮೇಲೆ ಕೂರಿಸಿ, ಬೀಮ್‌ಗೆ ಟ್ರಾಲಿ ಜಾಕ್ ಕೊಟ್ಟು, ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಬ್ರೇಕ್ ಹೋಸ್ ಎಳೆಯದ ಹಾಗೆ ನೋಡ್ಕೊಂಡು ಇಳಿಸಿದ್ದು. ಸ್ಪ್ರಿಂಗ್ ಕೈಯಲ್ಲೇ ಬಂತು, ಅದನ್ನ ಅದುಮಿ ಹಿಡಿಯೋ ಕಂಪ್ರೆಸರ್ ಬೇಕಾಗಲಿಲ್ಲ. ಎರಡೂ ಕಡೆ ಹೊಸದೇ ಹಾಕಿದೆ.

ಈಗ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳೆದರೆ ಎಡಗಡೆ 15 ಮಿ.ಮೀ. ಜಾಸ್ತಿ. ಹಳ್ಳ ಹತ್ತಿಳಿದರೆ 'ಟಣ್' ಅನ್ನೋ ಸದ್ದು ಬೇರೆ. ಟಾರ್ಚ್ ಬಿಟ್ಟು ನೋಡಿದರೆ ಬಲಗಡೆ ಸ್ಪ್ರಿಂಗ್ ತುದಿ ರಬ್ಬರ್ ಸೀಟಿನ ಮೆಟ್ಟಿಲಿಗೆ ಒತ್ತಿ ಕೂತಿದೆ, ಎಡಗಡೆಯದು ಮೆಟ್ಟಿಲು ಹತ್ತಿಬಿಟ್ಟಿದೆ. ಅನುಮಾನ ಅಲ್ಲೇ.

ಒಂದೇ ಕಡೆ ಶಾಕ್ ಬೋಲ್ಟ್ ಬಿಚ್ಚಿ ಸ್ಪ್ರಿಂಗ್ ತಿರುಗಿಸೋಕಾಗುತ್ತಾ, ಎರಡೂ ಬಿಚ್ಚಲೇಬೇಕಾ? ಇನ್ನೊಂದು ಎಡವಟ್ಟು: ಶಾಕ್ ಬೋಲ್ಟ್‌ಗಳನ್ನ ಚಕ್ರ ನೇತಾಡ್ತಿದ್ದಾಗಲೇ ಬಿಗಿ ಮಾಡಿದ್ದು, ಬುಷ್ (ಬೋಲ್ಟ್ ಸುತ್ತ ಇರೋ ರಬ್ಬರ್) ತಿರುಚಿಕೊಂಡಿರಬಹುದು. ಸಡಿಲಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಿಟ್ಟು ಬಿಗಿ ಮಾಡಿದರೆ ಸಾಕಾ, ಬುಷ್ಷೇ ಬದಲಿಸಬೇಕಾ?